ಶಾಲೆಯ ಪಾಠಕ್ಕೆ ಜೇಡಿಮಣ್ಣಿನ ಚಲನಚಿತ್ರ



ನಿಮ್ಮ ಮಗನೋ ಮಗಳೋ ಕೈತುಂಬ ಮಣ್ಣು ಮೆತ್ತಿಕೊಂಡು ಮನೆಗೆ ಬಂದು, "ಅಪ್ಪಾ, ಇವತ್ತು ಶಾಲೆಯಲ್ಲಿ ಮಣ್ಣಿನ ಸಿನಿಮಾ ಮಾಡಿದೆವು" ಎಂದರೆ ನೀವು ಏನೆನ್ನುವಿರಿ? "ಓದುವುದು ಬಿಟ್ಟು ಮಣ್ಣಾಟ ಆಡಲು ಶಾಲೆಗೆ ಹೋಗಬೇಕೇ? ಮಣ್ಣು ನಮ್ಮ ಹೊಲದಲ್ಲಿ ಇಲ್ಲವೇ?" ಎಂದು ಕೇಳುವವರೇ ಹೆಚ್ಚು. ಹಾಗೆ ಕೇಳುವುದು ತಪ್ಪಲ್ಲ. ಹೊಟ್ಟೆಬಟ್ಟೆ ಕಟ್ಟಿ ಮಕ್ಕಳನ್ನು ಓದಿಸುವವರು, ಶಾಲೆಯಲ್ಲಿ ಕಳೆಯುವ ಒಂದೊಂದು ಗಂಟೆಯ ಲೆಕ್ಕವನ್ನೂ ಕೇಳಲೇಬೇಕು. ಆ ಲೆಕ್ಕವನ್ನು ನಿಮ್ಮ ಮುಂದಿಡುವುದೇ ಈ ಲೇಖನದ ಉದ್ದೇಶ. ಓದಿ, ಸರಿಯೋ ತಪ್ಪೋ ನೀವೇ ತೀರ್ಮಾನಿಸಿರಿ.

ಇದೇನು ವಿದ್ಯೆ?

ಕತ್ತಲೆಯಲ್ಲಿ ಕೊಳ್ಳಿಯೊಂದನ್ನು ಗರಗರನೆ ತಿರುಗಿಸಿದರೆ ಏನು ಕಾಣುತ್ತದೆ? ಒಂದು ಕೆಂಡ ಕಾಣುವುದಿಲ್ಲ; ಬೆಂಕಿಯ ಬಳೆಯೇ ಕಾಣುತ್ತದೆ. ಕೆಂಡ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವಷ್ಟರಲ್ಲಿ ಮೊದಲು ಕಂಡದ್ದು ನಮ್ಮ ಮನಸ್ಸಿನಿಂದ ಅಳಿಸಿರುವುದಿಲ್ಲ. ಸಿನಿಮಾದ ಗುಟ್ಟೂ ಇಂಥದೇ. ಪರದೆಯ ಮೇಲೆ ಸೆಕೆಂಡಿಗೆ 24 ನಿಶ್ಚಲ ಚಿತ್ರಗಳು ಒಂದರ ಹಿಂದೊಂದು ಬರುತ್ತವೆ. ಬೇರೆಬೇರೆಯಾದ ಚಿತ್ರಗಳು ನಮಗೆ ಒಂದೇ ಓಟವಾಗಿ ತೋರುತ್ತವೆ.

ಈಗ ಜೇಡಿಮಣ್ಣಿನಲ್ಲಿ ಒಂದು ಎತ್ತು ಮಾಡಿ ಮೇಜಿನ ಮೇಲಿಡಿ. ಮೊಬೈಲ್ ಫೋನಿನಿಂದ ಒಂದು ಚಿತ್ರ ತೆಗೆಯಿರಿ. ಎತ್ತಿನ ಕಾಲನ್ನು ಒಂದು ಎಳ್ಳುಕಾಳಿನಷ್ಟು ಮುಂದಕ್ಕೆ ಬಾಗಿಸಿ ಇನ್ನೊಂದು ಚಿತ್ರ ತೆಗೆಯಿರಿ. ಮತ್ತಷ್ಟು ಬಾಗಿಸಿ ಮತ್ತೊಂದು. ಹೀಗೆ ತೆಗೆದ ಚಿತ್ರಗಳನ್ನು ಸೆಕೆಂಡಿಗೆ 10ರಂತೆ ಓಡಿಸಿದರೆ ನಿಮ್ಮ ಮಣ್ಣೆತ್ತು ತಾನಾಗಿ ಹೆಜ್ಜೆ ಹಾಕಿ ನಡೆಯುತ್ತದೆ. ಇಷ್ಟೇ ವಿದ್ಯೆ. ಇದಕ್ಕೆ ಸ್ಟಾಪ್ ಮೋಷನ್ ಎಂದು ಹೆಸರು. ಹನಿಹನಿ ಕೂಡಿದರೆ ಹಳ್ಳ ಎಂಬಂತೆ ಚಿತ್ರ ಚಿತ್ರ ಕೂಡಿದರೆ ಚಲನೆ.

ನಮ್ಮ ಮಕ್ಕಳಿಗೆ ಇದರ ಅರ್ಧ ವಿದ್ಯೆ ಆಗಲೇ ಬಂದಿದೆ. ಜ್ಯೇಷ್ಠ ಮಾಸದ ಮಣ್ಣೆತ್ತಿನ ಅಮಾವಾಸ್ಯೆಯಂದು ಉತ್ತರ ಕರ್ನಾಟಕದ ಮನೆಮನೆಗಳಲ್ಲಿ ಮಣ್ಣಿನ ಎತ್ತು ಮಾಡಿ ಪೂಜಿಸುತ್ತಾರೆ. ಅದನ್ನು ನೋಡುತ್ತ, ಮಾಡುತ್ತ ಬೆಳೆದ ಮಕ್ಕಳಿಗೆ ಮಣ್ಣಿನ ಹದ ಹೇಳಿಕೊಡಬೇಕಾಗಿಲ್ಲ. ಉಳಿದ ಅರ್ಧವನ್ನಷ್ಟೇ ಶಾಲೆ ಕಲಿಸಬೇಕಾಗಿದೆ.

ಇದು ಹೊಸ ಹುಚ್ಚೇ?

ಅಲ್ಲ. ಇದಕ್ಕೆ ನೂರು ವರ್ಷಕ್ಕೂ ಮೀರಿದ ಚರಿತ್ರೆಯುಂಟು. ನಮ್ಮ ದೇಶದ ಸಿನಿಮಾದ ಆದಿಯಲ್ಲಿಯೇ ಒಂದು ಬೀಜ ಮೊಳೆತ ಕಥೆಯಿದೆ. 1913ರಲ್ಲಿ 'ರಾಜಾ ಹರಿಶ್ಚಂದ್ರ' ಚಿತ್ರವನ್ನು ಹೊರತಂದ ದಾದಾಸಾಹೇಬ ಫಾಲ್ಕೆಯವರು, ಅದಕ್ಕೆ ಮೊದಲು 1912ರಲ್ಲಿ ಒಂದು ಕುಂಡದಲ್ಲಿ ಬಟಾಣಿ ಬಿತ್ತಿದರು. ಕ್ಯಾಮೆರಾವನ್ನು ಕದಲದಂತೆ ಅದರ ಮುಂದೆ ನಿಲ್ಲಿಸಿ, ಗಿಡ ಬೆಳೆದ ಹಾಗೆಲ್ಲ ತಿಂಗಳಿಗೂ ಮೇಲ್ಪಟ್ಟು ದಿನದಿನವೂ ಅದರ ಚಿತ್ರ ತೆಗೆದರು. ಅದನ್ನು ಓಡಿಸಿದಾಗ ಸುಮಾರು ಒಂದು ನಿಮಿಷದಲ್ಲಿ ಬೀಜ ಮೊಳೆತು ಬಳ್ಳಿಯಾಯಿತು. ಸಿನಿಮಾಕ್ಕೆ ಹಣ ಹಾಕಬಲ್ಲವರನ್ನು ಅವರು ಒಪ್ಪಿಸಿದ್ದು ಈ ಬಟಾಣಿ ಗಿಡವನ್ನು ತೋರಿಸಿಯೇ. ಅಲ್ಲಿ ಗಿಡ ತಾನಾಗಿ ಬೆಳೆಯಿತು, ಫಾಲ್ಕೆಯವರು ಕಾದು ಚಿತ್ರ ತೆಗೆದರು. ಮಣ್ಣಿನ ಚಿತ್ರದಲ್ಲಿ ಬೆಳೆಸುವ ಕೆಲಸವೂ ನಮ್ಮ ಕೈಯದೇ. ವ್ಯತ್ಯಾಸ ಇಷ್ಟೇ.

ಇನ್ನು ಮಣ್ಣಿನ ವಿಷಯ. ಇಂಗ್ಲೆಂಡಿನ ಬಾತ್ ಎಂಬ ಊರಿನ ಚಿತ್ರಕಲಾ ಉಪಾಧ್ಯಾಯರಾದ ವಿಲಿಯಂ ಹಾರ್ಬಟ್ ಎಂಬವರು 1897ರಲ್ಲಿ ತಮ್ಮ ವಿದ್ಯಾರ್ಥಿಗಳಿಗಾಗಿ ಒಣಗದ ಮಣ್ಣೊಂದನ್ನು ತಯಾರಿಸಿದರು. ಅದೇ ಪ್ಲಾಸ್ಟಿಸಿನ್. ಇಂದು ಪೇಟೆಯ ಅಂಗಡಿಗಳಲ್ಲಿ ಸಿಗುವ ಬಣ್ಣದ ಎಣ್ಣೆಮಣ್ಣು ಅದರ ಬಳಗವೇ. ಅಂದರೆ ಈ ಸಾಮಗ್ರಿ ಹುಟ್ಟಿದ್ದೇ ತರಗತಿಗಾಗಿ. ಮುಂದೆ ಇದೇ ಬಗೆಯ ಮಣ್ಣಿನ ಬೊಂಬೆಗಳಿಂದ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಆರ್ಡ್‌ಮನ್ ಸಂಸ್ಥೆಯವರು ಚಿತ್ರಗಳನ್ನು ತಯಾರಿಸಿದರು. ಆ ಸಂಸ್ಥೆಯ ನಿಕ್ ಪಾರ್ಕ್ ಅವರ 'ದಿ ರಾಂಗ್ ಟ್ರೌಸರ್ಸ್' ಎಂಬ 1993ರ ಚಿತ್ರಕ್ಕೆ ಆಸ್ಕರ್ ಪ್ರಶಸ್ತಿಯೂ ಬಂದಿತು. ಆಗ ಇದಕ್ಕೆ ದೊಡ್ಡ ಕ್ಯಾಮೆರಾ, ಫಿಲ್ಮು, ಸ್ಟುಡಿಯೋ ಬೇಕಾಗಿತ್ತು. ಈಗ ನಿಮ್ಮ ಅಂಗಿಯ ಜೇಬಿನಲ್ಲಿರುವ ಫೋನೇ ಸಾಕು.

ಪಾಠಕ್ಕೆ ಇದರಿಂದೇನು ಲಾಭ?

ನೀವು ಕೇಳಬೇಕಾದ ಮುಖ್ಯ ಪ್ರಶ್ನೆ ಇದೇ. ಉತ್ತರಕ್ಕೆ ನಿಮ್ಮ ಹೊಲದಿಂದಲೇ ಒಂದು ಉದಾಹರಣೆ ತೆಗೆದುಕೊಳ್ಳೋಣ.

ಮುಸುಕಿನ ಜೋಳ, ಗೋವಿನ ಜೋಳ ಎಂದು ಕರೆಯುವ ಮೆಕ್ಕೆಜೋಳಕ್ಕೆ ಬೀಳುವ ಸೈನಿಕ ಹುಳು ನಿಮಗೆಲ್ಲ ಗೊತ್ತೇ ಇದೆ. ಅಮೆರಿಕ ಖಂಡದ ಈ ಹುಳು 2016ರಲ್ಲಿ ಆಫ್ರಿಕಾದಲ್ಲಿ ಕಾಣಿಸಿತು. ನಮ್ಮ ದೇಶದಲ್ಲಿ ಮೊದಲು ಗುರುತಿಸಿದ್ದು 2018ರಲ್ಲಿ, ನಮ್ಮ ಶಿವಮೊಗ್ಗದ ಕಡೆಯ ಮೆಕ್ಕೆಜೋಳದ ಹೊಲಗಳಲ್ಲಿ. ಅಲ್ಲಿಂದ ಮುಂದೆ ಅದು ದೇಶದ ಮೆಕ್ಕೆಜೋಳಕ್ಕೆಲ್ಲ ದೊಡ್ಡ ಪೀಡೆಯಾಯಿತು.

ಶಾಲೆಯ ವಿಜ್ಞಾನ ಪಾಠದಲ್ಲಿ ಕೀಟದ ಜೀವನಚಕ್ರವೆಂದು ಬರುತ್ತದೆ. ಮೊಟ್ಟೆ, ಹುಳು, ಕೋಶ, ಪತಂಗ ಎಂಬ ನಾಲ್ಕು ಮಾತು. ಮಗು ಬಾಯಿಪಾಠ ಮಾಡಿ ಒಪ್ಪಿಸುತ್ತದೆ, ಅಂಕವೂ ಬರುತ್ತದೆ. "ಮೊಟ್ಟೆ ಎಲ್ಲಿಡುತ್ತದೆ? ಹುಳು ಎಷ್ಟು ದಿನ ತಿನ್ನುತ್ತದೆ? ಕೋಶ ಎಲ್ಲಿ ಅಡಗಿರುತ್ತದೆ?" ಎಂದು ಕೇಳಿದರೆ ತರಗತಿಯೆಲ್ಲ ಮೌನ.

ಇದೇ ಪಾಠವನ್ನು ಮಣ್ಣಿನಲ್ಲಿ ಚಿತ್ರ ಮಾಡಿರೆಂದು ಹೇಳಿ ನೋಡಿ. ಮೊಟ್ಟೆಯನ್ನು ಎಲೆಯ ಮೇಲೆ ಅಂಟಿಸಬೇಕೋ ಕೆಳಗೆ ಅಂಟಿಸಬೇಕೋ ಎಂದು ಗೊತ್ತಿಲ್ಲದೆ ಮೊದಲ ಚಿತ್ರವೇ ಆಗುವುದಿಲ್ಲ. ಹೆಚ್ಚಾಗಿ ಎಲೆಯ ಕೆಳಮೈಯಲ್ಲಿ, ಕೆಲವೊಮ್ಮೆ ಮೇಲ್ಮೈಯಲ್ಲಿ, 100ರಿಂದ 200 ಮೊಟ್ಟೆಗಳು ಗುಂಪಾಗಿ, ಮೇಲೆ ನವಿರಾದ ಹೊದಿಕೆಯೊಂದಿಗೆ ಇರುತ್ತವೆ. ಮುಂದೆ ಹುಳು ಮಾಡಬೇಕು. ಎಷ್ಟು ದೊಡ್ಡದು? ಮೊಟ್ಟೆಯೊಡೆದು ಬಂದ ಹುಳು 2 ಮಿಲಿಮೀಟರೂ ಇರುವುದಿಲ್ಲ. ಪೂರಾ ಬೆಳೆದಾಗ 3ರಿಂದ 4 ಸೆಂಟಿಮೀಟರ್ ಆಗುತ್ತದೆ. ಉದ್ದದಲ್ಲಿಯೇ ಸುಮಾರು 20 ಪಟ್ಟು! ಮೊದಲ ಹುಳುವಿಗೆ ಚಿಟಿಕೆ ಮಣ್ಣು, ಕೊನೆಯದಕ್ಕೆ ಹಿಡಿ ಮಣ್ಣು ಬೇಕಾದಾಗ ಮಗುವಿಗೆ ತಾನೇ ಹೊಳೆಯುತ್ತದೆ: ಇಷ್ಟು ಮೈ ಬರಲು ಎಷ್ಟು ಪೈರು ತಿಂದಿರಬೇಕು? ನಿಜ, ಈ ಹುಳು ತನ್ನ ಆಹಾರದ ಬಹುಪಾಲನ್ನು ಕೊನೆಯ ಕೆಲವು ದಿನಗಳಲ್ಲಿಯೇ ತಿನ್ನುತ್ತದೆ.

ಗುರುತುಗಳನ್ನೂ ಬಿಡುವಂತಿಲ್ಲ. ತಲೆಯ ಮೇಲೆ ಕವಲುಕೋಲನ್ನು ತಲೆಕೆಳಗೆ ಹಿಡಿದಂಥ ಬಿಳಿಚು ಗೆರೆ. ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ. ಈ ನಾಲ್ಕು ಚುಕ್ಕೆಗಳನ್ನು ಕಡ್ಡಿಯ ತುದಿಯಿಂದ ತಾನೇ ಇಟ್ಟ ಹುಡುಗಿ, ಮರುದಿನ ಹೊಲದಲ್ಲಿ ಆ ಹುಳುವನ್ನು ಬೇರೆ ಹುಳುವೆಂದು ಎಣಿಸುವಳೇ?

ಆದುದರಿಂದ ಹೇಳುವುದು: ಬರೆದು ಒಪ್ಪಿಸುವಾಗ ಗೊತ್ತಿಲ್ಲದ್ದನ್ನು ಮರೆಸಿಕೊಳ್ಳಬಹುದು, ಮಣ್ಣನ್ನು ಒಂದೊಂದೇ ಹೆಜ್ಜೆ ಸರಿಸುವಾಗ ಮರೆಸಿಕೊಳ್ಳಲಾಗದು. ಮುಂದೇನಾಗುತ್ತದೆಂದು ತಿಳಿಯದೆ ಕೈ ಮುಂದಕ್ಕೆ ಹೋಗುವುದೇ ಇಲ್ಲ. ಕೈ ನಿಂತಲ್ಲಿ ಪ್ರಶ್ನೆ ಹುಟ್ಟುತ್ತದೆ. ಪ್ರಶ್ನೆ ಹುಟ್ಟಿದ ಮೇಲೆ ಕಲಿತದ್ದು ಮರೆಯುವುದಿಲ್ಲ.

ಇನ್ನೂ ಒಂದು ಮಾತು. ಪುಸ್ತಕ ಓದಲು ತಡವರಿಸುವ ಹುಡುಗರು ಎಲ್ಲ ತರಗತಿಯಲ್ಲೂ ಇರುತ್ತಾರೆ. ಕೊನೆಯ ಸಾಲಿನಲ್ಲಿ ಕುಳಿತು ಬಾಯಿ ಬಿಡದ ಅಂಥವನೇ ಅಪ್ಪನ ಜೊತೆ ಹೊಲಕ್ಕೆ ಹೋಗಿ ಸುಳಿ ಬಿಡಿಸಿ ಹುಳು ಹೆಕ್ಕಿರುತ್ತಾನೆ. ಸುಳಿಯಲ್ಲಿ ಮರದ ಹೊಟ್ಟಿನಂತೆ ಬಿದ್ದಿರುವ ಹಿಕ್ಕೆಯನ್ನು ನೋಡಿರುತ್ತಾನೆ. ಮಣ್ಣಿನ ಪಾಠದ ದಿನ ಉಳಿದವರೆಲ್ಲ ಅವನನ್ನೇ ಕೇಳಬೇಕಾಗುತ್ತದೆ. ತನಗೂ ತಿಳಿದಿದೆ ಎಂಬ ಧೈರ್ಯ ಒಮ್ಮೆ ಬಂದರೆ ಆ ಹುಡುಗ ಶಾಲೆ ಬಿಡುವ ಯೋಚನೆ ಮಾಡಲಾರ.

ಮೂವತ್ತು ದಿನ, ಮೂವತ್ತು ಸೆಕೆಂಡು

ಬೆಚ್ಚನೆಯ ಹವೆಯಲ್ಲಿ ಈ ಹುಳುವಿನ ಒಂದು ಸುತ್ತು ಮುಗಿಯಲು ಸುಮಾರು 30 ದಿನ ಬೇಕು. ಚಳಿಯಲ್ಲಿ ಇನ್ನೂ ತಡವಾಗುತ್ತದೆ. ಹಾಗಾದರೆ 30 ಸೆಕೆಂಡಿನ ಚಿತ್ರ ಮಾಡೋಣ. ಒಂದು ದಿನಕ್ಕೆ ಒಂದು ಸೆಕೆಂಡು. ಸೆಕೆಂಡಿಗೆ 10 ಚಿತ್ರವಾದರೆ ಒಟ್ಟು 300 ಚಿತ್ರ. ಇವನ್ನು ಹಂಚುವ ಲೆಕ್ಕ ಹೀಗೆ:

ಮೊಟ್ಟೆ: 3 ದಿನ, 30 ಚಿತ್ರ.
ಹುಳು: 14 ದಿನ, 140 ಚಿತ್ರ.
ಕೋಶ: 9 ದಿನ, 90 ಚಿತ್ರ.
ಪತಂಗ ಹಾರಿ ಮತ್ತೆ ಮೊಟ್ಟೆಯಿಡುವವರೆಗೆ: 4 ದಿನ, 40 ಚಿತ್ರ.

ಇದು ತ್ರೈರಾಶಿಯ ಪಾಠವೂ ಆಯಿತು. ಹುಳು ಬೆಳೆಯುವಾಗ ಐದು ಸಲ ಪೊರೆ ಬಿಟ್ಟು ಆರು ಹಂತ ದಾಟುತ್ತದೆ. ಆದುದರಿಂದ ಆರು ಗಾತ್ರದ ಆರು ಹುಳುಗಳನ್ನು ಮೊದಲೇ ಮಾಡಿಟ್ಟುಕೊಂಡು, ಒಂದನ್ನು ತೆಗೆದು ಇನ್ನೊಂದನ್ನು ಇಡುತ್ತ ಹೋಗಬೇಕು.

ಕೋಶದ ಪಾಳಿ ಬಂದಾಗ ಮಕ್ಕಳು ತಪ್ಪದೆ ಕೇಳುತ್ತಾರೆ: "ಸಾರ್, ಇದು ಅಲುಗಾಡುವುದೇ ಇಲ್ಲವಲ್ಲ, 90 ಚಿತ್ರ ಯಾಕೆ?" ಪಾಠದ ತಿರುಳೇ ಅಲ್ಲಿದೆ. 2ರಿಂದ 8 ಸೆಂಟಿಮೀಟರ್ ಆಳದ ಮಣ್ಣಿನಲ್ಲಿ ಕೋಶ ಸುಮ್ಮನೆ ಮಲಗಿರುತ್ತದೆ. ಮೇಲೆ ಪೈರು ಹಸುರಾಗಿ ಬೆಳೆಯುತ್ತದೆ. ಹುಳು ಹೋಯಿತೆಂದು ರೈತ ಸಮಾಧಾನಪಡುತ್ತಾನೆ. ಒಂಬತ್ತು ಸೆಕೆಂಡು ಏನೂ ಆಗದೆ, ಹತ್ತನೆಯ ಸೆಕೆಂಡಿಗೆ ಮಣ್ಣು ಸೀಳಿ ಪತಂಗ ಏಳುವುದನ್ನು ನೋಡಿದ ಮಗು, ಬಿತ್ತನೆಗೆ ಮೊದಲು ಆಳವಾಗಿ ಉಳುಮೆ ಮಾಡಬೇಕೆಂದು ಏಕೆ ಹೇಳುತ್ತಾರೆಂಬುದನ್ನು ಬೇರೆಯಾಗಿ ಕಲಿಯಬೇಕಾಗಿಲ್ಲ. ಉಳುಮೆಯಿಂದ ಕೋಶಗಳು ಮೇಲೆ ಬಂದು ಬಿಸಿಲಿಗೂ ಹಕ್ಕಿಗಳಿಗೂ ಸಿಕ್ಕುತ್ತವೆ.

ಚಿತ್ರದ ಮೊದಲ ಏಳೆಂಟು ಸೆಕೆಂಡುಗಳನ್ನು ನೀವೂ ಗಮನಿಸಿ ನೋಡಬೇಕು. ಮೊಟ್ಟೆಯ ಗುಂಪು ಎಲೆಯ ಮೇಲಿದ್ದಾಗ ಬೆರಳಿನಿಂದ ಹೊಸಕಿಬಿಡಬಹುದು. ಮರಿಹುಳುಗಳು ಎಲೆಯ ಹಸುರನ್ನು ಕೆರೆದು ಬಿಳಿ ಕಾಗದದಂಥ ಕಲೆ ಮಾಡುವಾಗಲೂ ಕೈಗೆ ಸಿಗುತ್ತವೆ. ಸುಳಿಯೊಳಗೆ ಹೊಕ್ಕು ಹಿಕ್ಕೆಯ ಮರೆಯಲ್ಲಿ ಕುಳಿತ ಮೇಲೆ ಔಷಧಿಯೂ ಸುಲಭವಾಗಿ ತಾಗದು. ಅಂದರೆ ನಮಗೆ ಅನುಕೂಲವಾದ ಕಾಲ ಒಂದು ವಾರದ ಮಾತು. ಇದನ್ನು ನೂರು ಸಲ ಹೇಳಿದರೂ ಮನಸ್ಸಿಗೆ ಹತ್ತದಿರಬಹುದು. ನಿಮ್ಮ ಮಕ್ಕಳೇ ಮಾಡಿದ ಚಿತ್ರದಲ್ಲಿ ಕಣ್ಣೆದುರು ಕಂಡರೆ ಹತ್ತುತ್ತದೆ.

ಬೇಕಾಗುವ ಸಾಮಾನು

ಮಣ್ಣು: ಕೆರೆಯ ಜೇಡಿಮಣ್ಣನ್ನು ಕಲ್ಲು ಕಸ ಆರಿಸಿ, ರಾತ್ರಿ ನೆನೆಹಾಕಿ, ರೊಟ್ಟಿ ಹಿಟ್ಟಿನ ಹದಕ್ಕೆ ನಾದಬೇಕು. ಒಣಗಿದರೆ ಬಿರುಕು ಬಿಡುತ್ತದೆ. ಕೆಲಸವಿಲ್ಲದಾಗ ಒದ್ದೆ ಬಟ್ಟೆ ಹೊದಿಸಿಡಬೇಕು. ಎರಡು ಪಾಲು ಮೈದಾಹಿಟ್ಟು, ಒಂದು ಪಾಲು ಉಪ್ಪು, ಸ್ವಲ್ಪ ನೀರು, ಒಂದು ಚಮಚ ಎಣ್ಣೆ ಸೇರಿಸಿ ಕಲಸಿದ ಹಿಟ್ಟೂ ಆಗುತ್ತದೆ. ಹೆಚ್ಚು ಅಲುಗಾಡುವ ಬೊಂಬೆಗಳಿಗೆ ಮಾತ್ರ ಅಂಗಡಿಯ ಎಣ್ಣೆಮಣ್ಣು ತಂದರೆ ಸಾಕು. ಜೋಳದ ದಂಟಿಗೆ ಬಿದಿರು ಕಡ್ಡಿ, ಎಲೆಗೆ ಹಸುರು ಕಾಗದ.

ಫೋನು: ಒಂದೇ ಒಂದು ಇದ್ದರೆ ಸಾಕು. ಸ್ಟಾಪ್ ಮೋಷನ್ ಸ್ಟುಡಿಯೋ ಎಂಬ ಆ್ಯಪ್ ಉಚಿತವಾಗಿ ಸಿಗುತ್ತದೆ. ಒಮ್ಮೆ ಹಾಕಿಕೊಂಡ ಮೇಲೆ ಚಿತ್ರ ತೆಗೆಯಲು ಇಂಟರ್ನೆಟ್ ಬೇಕಿಲ್ಲ. ಫೋನನ್ನು ಎರಡು ಇಟ್ಟಿಗೆಗಳ ನಡುವೆ ನಿಲ್ಲಿಸಿ ಸೈಕಲ್ ಟ್ಯೂಬಿನ ರಬ್ಬರಿನಿಂದ ಬಿಗಿಯಬೇಕು. ಅದು ಕದಲಿದರೆ ಚಿತ್ರ ಕುಣಿಯುತ್ತದೆ. ಇಯರ್‌ಫೋನಿನ ಗುಂಡಿ ಒತ್ತಿ ಚಿತ್ರ ತೆಗೆಯುವ ಅನುಕೂಲ ಹಲವು ಫೋನುಗಳಲ್ಲಿದೆ. ಆಗ ಫೋನನ್ನು ಮುಟ್ಟುವ ಗೊಡವೆಯೇ ಇಲ್ಲ. ಏರೋಪ್ಲೇನ್ ಮೋಡ್‌ಗೆ ಹಾಕಿದರೆ ನಡುವೆ ಕರೆ ಬರುವುದಿಲ್ಲ.

ಬೆಳಕು: ಮೋಡ ಬಂದು ಹೋದಂತೆ ಕಿಟಕಿಯ ಬೆಳಕು ಹೆಚ್ಚುಕಡಿಮೆಯಾಗಿ ಚಿತ್ರ ಮಿಣುಕುತ್ತದೆ. ಆದುದರಿಂದ ಕಿಟಕಿ ಮುಚ್ಚಿ ಒಂದೆರಡು ಎಲ್‌ಇಡಿ ದೀಪ ಹಾಕಿಕೊಳ್ಳುವುದು ಒಳ್ಳೆಯದು.

ಐದೈದು ಮಕ್ಕಳ ಗುಂಪು ಮಾಡಬೇಕು. ಒಬ್ಬರು ಮಣ್ಣು ಸರಿಸುವುದು, ಒಬ್ಬರು ಚಿತ್ರ ತೆಗೆಯುವುದು, ಒಬ್ಬರು ಎಣಿಸಿ ಬರೆದಿಡುವುದು, ಒಬ್ಬರು ಯಾರ ಕೈಯೂ ಚಿತ್ರದಲ್ಲಿ ಬೀಳದಂತೆ ನೋಡುವುದು, ಒಬ್ಬರು ಮುಂದಿನ ಹೆಜ್ಜೆ ಹೇಳುವುದು. ಆಗಾಗ ಕೆಲಸ ಬದಲಾಯಿಸಬೇಕು. ಹುಡುಗಿಯರು ಮಣ್ಣು ಕಲಸಲಿ, ಹುಡುಗರು ಫೋನು ಹಿಡಿಯಲಿ ಎಂದು ಹಂಚಲೇಬಾರದು. ಕೊನೆಗೆ ಮಕ್ಕಳೇ ತಮ್ಮ ಊರಿನ ಮಾತಿನಲ್ಲಿ ವಿವರಣೆ ಹೇಳಿ ಧ್ವನಿ ಸೇರಿಸಲಿ.

ನಿಮ್ಮ ಸಂದೇಹಗಳು

"ಇದಕ್ಕೆ ಎಷ್ಟು ಹೊತ್ತು ಹಾಳು?" ಬೊಂಬೆ ಮಾಡಲು ಎರಡು ಪೀರಿಯಡ್. ಆಮೇಲೆ ಒಂದು ಚಿತ್ರಕ್ಕೆ ಕಾಲು ನಿಮಿಷ ಹಿಡಿದರೂ 300 ಚಿತ್ರಕ್ಕೆ 75 ನಿಮಿಷ. ಪ್ರತಿ ಪಾಠಕ್ಕೂ ಇದು ಬೇಡ. ವರ್ಷಕ್ಕೆ ಎರಡು ಮೂರು ಪಾಠ, ಅದೂ ಹೆಜ್ಜೆಹೆಜ್ಜೆಯಾಗಿ ಬದಲಾಗುವ ವಿಷಯ ಇದ್ದಾಗ ಮಾತ್ರ. ಅವರೆಬೀಜ ಮೊಳೆಯುವುದು, ಬದುವಿಲ್ಲದ ಹೊಲದಿಂದ ಮಳೆಗೆ ಮಣ್ಣು ಕೊಚ್ಚಿಹೋಗುವುದು, ಇಂಥವು ತಕ್ಕುವು. ಪದ್ಯ ಬಾಯಿಪಾಠಕ್ಕೂ ಮಗ್ಗಿಗೂ ಇದರ ಅಗತ್ಯವಿಲ್ಲ.

"ಫೋನು ಕೊಟ್ಟರೆ ಮಕ್ಕಳು ಕೆಡುವುದಿಲ್ಲವೇ?" ಫೋನಿನಲ್ಲಿ ಬಂದದ್ದನ್ನೆಲ್ಲ ನೋಡುತ್ತ ಕೂರುವುದು ಬೇರೆ, ಫೋನನ್ನು ಗುದ್ದಲಿ ಕುಡುಗೋಲಿನಂತೆ ಕೆಲಸಕ್ಕೆ ಹಿಡಿಯುವುದು ಬೇರೆ. ಇಲ್ಲಿ ಐದು ಮಕ್ಕಳ ನಡುವೆ ಒಂದು ಫೋನು, ಎದುರಿಗೆ ಮೇಷ್ಟರು. ಕಣ್ಣು ಫೋನಿಗಿಂತ ಹೆಚ್ಚಾಗಿ ಮಣ್ಣಿನ ಮೇಲೇ ಇರುತ್ತದೆ.

"ಆಟವಾಡಿ ಕಲಿತ ವಿದ್ಯೆ ನಿಲ್ಲುತ್ತದೆಯೇ?" 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ-ಕಲಿಯ ತಳಹದಿಯೇ, ಮಗು ಕೈಯಾಡಿಸಿ ತನ್ನ ವೇಗದಲ್ಲಿ ಕಲಿಯಬೇಕೆಂಬುದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಕಲೆಯೊಡನೆ ಬೆರೆತ ಪಾಠವನ್ನು, ಅನುಭವದಿಂದ ಕಲಿಯುವುದನ್ನು ಎತ್ತಿ ಹೇಳುತ್ತದೆ. ಆದರೂ ಒಂದು ಎಚ್ಚರಿಕೆ ಬೇಕು. ಚಿತ್ರ ಚೆನ್ನಾಗಿ ಬಂತೆಂದು ಪಾಠ ಬಂತೆಂದಲ್ಲ. ಚಿತ್ರ ಮುಗಿದ ಮೇಲೆ ಮಕ್ಕಳು ಪುಸ್ತಕ ತೆರೆದು ಓದಬೇಕು, ತಾವು ಮಾಡಿದ್ದನ್ನು ತಮ್ಮ ಮಾತಿನಲ್ಲಿ ಒಂದು ಪುಟ ಬರೆಯಬೇಕು. ಆಗಲೇ ಕೆಲಸ ಪೂರ್ತಿಯಾದಂತೆ.

ನೀವು ಮಾಡಬೇಕಾದುದು

ಮೊದಲನೆಯದು, ಮೇಷ್ಟರು ಕೇಳಿದ ದಿನ ಎರಡು ಗಂಟೆ ಹೊತ್ತು ನಿಮ್ಮ ಫೋನನ್ನು ಶಾಲೆಗೆ ಕೊಡಿರಿ. ಕೊಡಲು ಮನಸ್ಸಾಗದಿದ್ದರೆ ನೀವೇ ಜೊತೆಗೆ ಹೋಗಿ ಕುಳಿತುಕೊಳ್ಳಿರಿ. ಎರಡನೆಯದು, ಕೆರೆಯಿಂದ ಒಂದು ಬುಟ್ಟಿ ಒಳ್ಳೆಯ ಜೇಡಿಮಣ್ಣು ತಂದುಕೊಡಿರಿ. ಮೂರನೆಯದು, ಹುಳುವಿನ ಬಗ್ಗೆ ಮಕ್ಕಳು ಕೇಳಲು ಬಂದಾಗ "ಹೋಗಾಚೆ" ಎನ್ನದೆ ಹೊಲಕ್ಕೆ ಕರೆದುಕೊಂಡು ಹೋಗಿ ತೋರಿಸಿರಿ. ಔಷಧಿ ಹೊಡೆದ ಹೊಲಕ್ಕೆ ಮಾತ್ರ ಮಕ್ಕಳನ್ನು ಬಿಡಬಾರದು. ನಿಮಗೂ ತಿಳಿಯದ್ದನ್ನು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ ತಿಳಿದುಕೊಳ್ಳಬಹುದು.

ನಾಲ್ಕನೆಯದು, ಶಾಲಾಭಿವೃದ್ಧಿ ಸಮಿತಿಯ ಮುಂದಿನ ಸಭೆಯಲ್ಲಿ ಈ ಮಾತು ಎತ್ತಿರಿ. ಮುಂಗಾರು ಬಿತ್ತನೆಯ ಮೆಕ್ಕೆಜೋಳ ಮೊಳಕೆಯೊಡೆದು ಮೇಲೆ ಬರುವ ಹೊತ್ತಿಗೆ ಚಿತ್ರ ಸಿದ್ಧವಾಗುವಂತೆ ಮೇಷ್ಟರೊಡನೆ ಕುಳಿತು ದಿನ ಗೊತ್ತುಮಾಡಿರಿ. ಒಂದು ಸಂಜೆ ಶಾಲೆಯ ಅಂಗಳದಲ್ಲಿ ಊರವರೆಲ್ಲ ಸೇರಿ ಆ ಮೂವತ್ತು ಸೆಕೆಂಡಿನ ಚಿತ್ರವನ್ನು ಎರಡು ಸಲ, ಮೂರು ಸಲ ನೋಡಿರಿ. ಮರುದಿನ ಬೆಳಿಗ್ಗೆ ಹೊಲಕ್ಕೆ ಹೋಗುವಾಗ ಮಗುವನ್ನೂ ಕರೆದುಕೊಂಡು ಹೋಗಿ, ಎಲೆಗಳ ಅಡಿಯನ್ನು ಇಬ್ಬರೂ ಕೂಡಿ ಹುಡುಕಿರಿ. ಮೊಟ್ಟೆಯ ಗುಂಪು ನಿಮ್ಮ ಕಣ್ಣಿಗಿಂತ ಮೊದಲು ಮಗುವಿನ ಕಣ್ಣಿಗೆ ಬಿದ್ದರೆ, ಶಾಲೆಯಲ್ಲಿ ಕಳೆದ ಆ ಮೂರು ನಾಲ್ಕು ಗಂಟೆಗಳ ಲೆಕ್ಕ ನಿಮಗೆ ಅಲ್ಲಿಯೇ ಸಿಕ್ಕುತ್ತದೆ.